ಇಲ್ಲದ ಕಟ್ಟಕ್ಕೆ ಮಾರ್ಕು

ಆಗ ನನಗೆ ಅರವತ್ತೊಂಬತ್ತು. ನಾಲ್ಕು ವರ್ಷ ಆಯಿತು. ಪ್ರಾಯದ ಲೆಕ್ಕ ಆಧಾರ್ ಕಾರ್ಡಿನದ್ದು. ನನ್ನ ತಾಯಿಯನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದಳೋ ಏನೋ. ನಾನು ಶಾಲೆಗೆ ಹೋದದ್ದು ಪಾಣೆಮಂಗಳೂರಿನಲ್ಲಿ, ಮೂರನೆಯ ಕ್ಲಾಸಿನವರೆಗೆ. ಮದುವೆಯಾಗಿ ನೆರಿಯದ ಕಡೆಗೆ ಬಂದ ಮೇಲೆ ಕೈಯಲ್ಲಿ ಹಿಡಿದದ್ದು ಕತ್ತಿ, ಹಾರೆ, ಬುಟ್ಟಿ. ಪೆನ್ನು ಹಿಡಿದದ್ದು ಎಲ್ಲಾದರೂ ಸಹಿ ಹಾಕಬೇಕಾದಾಗ ಮಾತ್ರ. ಹಾಗಾಗಿ ಇದರಲ್ಲಿ ಚಂದ ಹುಡುಕಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಬೈಲಿನ ನಡುವೆ ಒಂದು ತೋಡು ಹರಿಯುತ್ತದೆ. ಮಳೆಗಾಲದಲ್ಲಿ ಅದರಲ್ಲಿ ಎತ್ತು ನಿಲ್ಲಲಾರದು, ಮಾರ್ಚ್ ತಿಂಗಳಿಗೆ ಇರುವೆ ದಾಟುತ್ತದೆ. ಹಿಂದೆ ಮಳೆ ಪೂರ್ತಿ ಬಿಟ್ಟ ಮೇಲೆ ಅದಕ್ಕೆ ಅಡ್ಡವಾಗಿ ಕಟ್ಟ ಹಾಕುತ್ತಿದ್ದರು. ಗೂಟ, ಸೊಪ್ಪು, ಮಣ್ಣು, ಅಷ್ಟೇ. ಮುಂದಿನ ಮಳೆಗೆ ಅದು ಹೋಗುತ್ತದೆ, ಹೋಗಬೇಕು ಕೂಡ. ಇರುವಷ್ಟು ತಿಂಗಳು ನೀರನ್ನು ನಿಲ್ಲಿಸಿ ಎರಡೂ ದಡದ ಬಾವಿಗಳಿಗೆ ಕುಡಿಸುತ್ತದೆ. ನಮ್ಮಲ್ಲಿ ಏಳು ಮನೆ. ಒಂದು ಮನೆಗೆ ಒಂದು ಆಳು, ಒಂದು ದಿನದ ಕೆಲಸ, ಮಧ್ಯಾಹ್ನ ಗಂಜಿ ಮತ್ತು ಹುರುಳಿ ಚಟ್ನಿ. ಇದು ಕ್ರಮ. ಗಂಡಸರು ಜಾಗ ನೋಡಿ ಗೂಟ ಹೊಡೆಯುತ್ತಿದ್ದರು, ಹೆಂಗಸರು ಮಣ್ಣು ಹೊತ್ತು ಕಾಲಿನಲ್ಲಿ ಮೆಟ್ಟುತ್ತಿದ್ದೆವು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಮೆಟ್ಟಿದ್ದೇನೆ.

ಆಮೇಲೆ ಒಂದೊಂದೇ ಮನೆಯಲ್ಲಿ ಬೋರ್ ಬಂತು. ಗದ್ದೆಗೆ ರಬ್ಬರ್ ಬಂತು. ಕಟ್ಟಕ್ಕೆ ಕರೆದರೆ, ಆಗುವ, ನೋಡುವ ಎಂದರು. ಹಾಗೆ ನೋಡುತ್ತಾ ಹನ್ನೊಂದು ವರ್ಷ ಕಟ್ಟ ಇರಲಿಲ್ಲ. ನನ್ನ ಬಾವಿ ಶಿವರಾತ್ರಿಗೆ ತಳ ಕಾಣಿಸುತ್ತಿತ್ತು. ಅಲ್ಲಿಂದ ಮಳೆ ಬರುವವರೆಗೆ ನಾನು ಮೇಲಿನ ಮನೆಯ ಪೈಪಿನ ಎದುರು ಕೊಡಪಾನ ಇಟ್ಟು ನಿಲ್ಲಬೇಕು. ಮಗಳು ಬೀಡಿ ಕಟ್ಟುತ್ತಾಳೆ, ಅವಳ ಕೈ ಖಾಲಿ ಇರುವುದಿಲ್ಲ. ಮೇಲಿನ ಮನೆಯವರು ಇಲ್ಲ ಎಂದು ಹೇಳಿದ್ದಿಲ್ಲ. ಆದರೆ ಅವರು ಹಲ್ಲುಜ್ಜಿ ಆಗುವವರೆಗೆ ಕಾದು ನಿಲ್ಲುವುದು ನನಗೆ ಆಗುವುದಿಲ್ಲ. ನನಗೆ ನನ್ನ ಬಾವಿಯಲ್ಲಿ ನೀರು ಬೇಕಿತ್ತು. ಅದಕ್ಕೆ ಕಟ್ಟ ಬೇಕು, ಕಟ್ಟಕ್ಕೆ ಜನ ಬೇಕು.

ಅಂಥ ಹೊತ್ತಿನಲ್ಲಿ ಆ ಟೀಚರ್ ಬಂದರು. ಬಂಟ್ವಾಳದವರು, ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಪಂಚಾಯತಿಯಲ್ಲಿ ಯಾರೋ ನನ್ನ ಮನೆ ತೋರಿಸಿದ್ದರಂತೆ. ಅಂಗಳದಲ್ಲಿ ನಿಂತೇ ಶುರು ಮಾಡಿದರು.

"ಅಜ್ಜಿ, ನಮ್ಮಲ್ಲಿ ಈಗ ಹೊಸ ಪಾಠ ಒಂದು ಉಂಟು. ಸೈನ್ಸಿನವರಾಗಲಿ, ಕಾಮರ್ಸಿನವರಾಗಲಿ, ಕನ್ನಡದವರಾಗಲಿ, ಎಲ್ಲ ಮಕ್ಕಳೂ ಹೊರಗೆ ಒಟ್ಟಿಗೆ ಒಂದು ಕೆಲಸ ಮಾಡಿ ಕಲಿಯಬೇಕು. ನಿಮ್ಮ ತೋಡಿಗೆ ಕಟ್ಟ ಹಾಕುವ ಅಂತ ಉಂಟು. ಅದಕ್ಕೆ ಮಾರ್ಕ್ ಸಿಗ್ತದೆ."

"ಕೆಲಸಕ್ಕೆ ಮಾರ್ಕಾ? ನಮಗೆ ಗಂಜಿ ಸಿಗ್ತಿತ್ತು."

"ಗಂಜಿಯೂ ಮಾಡುವ ಅಜ್ಜಿ."

"ಕಾಮರ್ಸಿನ ಮಕ್ಕಳು ಕಟ್ಟದಲ್ಲಿ ಎಂತ ಕಲೀತಾರೆ?"

"ಅದು ನನಗೂ ಸರಿ ಗೊತ್ತಿಲ್ಲ. ಗೊತ್ತಿದ್ರೆ ಕ್ಲಾಸಿನಲ್ಲೇ ಹೇಳಿಬಿಡ್ತಿದ್ದೆ."

ಆ ಉತ್ತರ ನನಗೆ ಹಿಡಿಸಿತು. ಚಾಪೆ ಹಾಕಿ ಕೂರಿಸಿದೆ. ಯಾವಾಗ ಬರುತ್ತೀರಿ ಎಂದು ಕೇಳಿದರೆ, ಮುಂದಿನ ಶನಿವಾರ, ಆದಿತ್ಯವಾರ ಎಂದರು. ಅದರ ನಂತರ ಪರೀಕ್ಷೆಯಂತೆ. ಆಗಿನ್ನೂ ದೀಪಾವಳಿ ಆಗಿರಲಿಲ್ಲ. ದಿನಾ ಮೂರು ಗಂಟೆಯ ಮೇಲೆ ಘಾಟಿಯ ಕಡೆ ಗುಡುಗುತ್ತಿತ್ತು. ಗುಡುಗು ಮಳೆ ನಿಂತು, ತೋಡಿನ ನೀರು ಮೊಣಕಾಲಿನಿಂದ ಕೆಳಗೆ ಇಳಿಯದೆ ಕಟ್ಟಕ್ಕೆ ಕೈ ಹಾಕಬಾರದು. ಇದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಇವರು ಬೇರೆ ಊರು ನೋಡುತ್ತಾರೆ ಎಂದು ಬಾಯಿ ಮುಚ್ಚಿ ಚಾಯ ಕೊಟ್ಟೆ.

ಶನಿವಾರ ಮೂವತ್ತನಾಲ್ಕು ಮಕ್ಕಳು ಬಂದರು. ಅವರ ಜೊತೆ ಟೀಚರ್, ಮತ್ತೆ ಫಿಸಿಕ್ಸ್ ಕಲಿಸುವ ಒಬ್ಬರು ಸಾರ್. ಒಂದೊಂದು ಗುಂಪಿಗೆ ಒಂದೊಂದು ಕೆಲಸ. ಫಿಸಿಕ್ಸಿನವರು ನೀರಿಗೆ ಒಣ ತೆಂಗಿನಕಾಯಿ ಬಿಟ್ಟು ಅದು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆ ಎಂದು ಫೋನು ನೋಡಿ ಬರೆದರು. ಕೆಮಿಸ್ಟ್ರಿಯವರು ಬಾಟಲಿಯಲ್ಲಿ ನೀರು ತುಂಬಿಸಿದರು. ಕಾಮರ್ಸಿನ ಒಂದು ಹುಡುಗಿ, ಬೆಳ್ತಂಗಡಿ ಪೇಟೆಯವಳು, ಪುಸ್ತಕ ಹಿಡಿದು ಏಳು ಮನೆಗೂ ಹೋಗಿ ಬಾವಿ ಎಷ್ಟು ಕೋಲು, ಬೋರ್ ಎಷ್ಟು ಅಡಿ, ಯಾವ ತಿಂಗಳು ಬತ್ತುತ್ತದೆ ಎಂದು ಕೇಳಿ ಬರೆದುಕೊಂಡಳು. ಕನ್ನಡದವರು ನನ್ನನ್ನೇ ಹಿಡಿದರು.

"ಅಜ್ಜಿ, ಇದಕ್ಕೆ ಎಂತ ಹೇಳ್ತೀರಿ?"

"ಹಾರೆ."

"ಅದಲ್ಲ, ನೀವು ನೀವು ಮಾತಾಡುವಾಗ?"

"ನಾವು ನಾವು ಮಾತಾಡುವಾಗ, ಅದನ್ನು ಹಿಡ್ಕೊಂಡು ಬಾ ಅಂತ ಹೇಳ್ತೇವೆ."

ಅದನ್ನೂ ಬರೆದುಕೊಂಡರು.

ಜಾಗದ ಮಾತು ಬಂದಾಗ ನಾನು ಹಳೆಯ ಕಟ್ಟದ ಜಾಗ ತೋರಿಸಿದೆ. ಅಲ್ಲಿ ತೋಡು ಅಗಲ. ಸಾರ್ ಟೇಪು ಹಿಡಿದು ಮೇಲೆ ಕೆಳಗೆ ನಡೆದು, ಕೆಳಗೆ ಎರಡು ಬಂಡೆಗಳ ನಡುವೆ ಇರುವ ಇಕ್ಕಟ್ಟಿನ ಜಾಗವನ್ನು ಆರಿಸಿದರು.

"ಇಲ್ಲಿ ಅರ್ಧಕ್ಕರ್ಧ ಮರಳಿನ ಚೀಲ ಸಾಕು ಅಜ್ಜಿ. ಎರಡು ಕಡೆ ಬಂಡೆಯ ಗೋಡೆ ಪುಕ್ಕಟೆ ಉಂಟು. ಅಷ್ಟು ಅಗಲದಲ್ಲಿ ಎಂತಕ್ಕೆ ಕಟ್ಟುವುದು?"

"ಹಿರಿಯರು ಅಲ್ಲೇ ಕಟ್ತಿದ್ರು."

"ಎಂತಕ್ಕೆ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಮಣ್ಣು ಮೆಟ್ಟಿದ ಕಾಲಿಗೆ ಅದು ಗೊತ್ತಿಲ್ಲ. ಗಂಡಸರು ಹೇಳಲಿಲ್ಲ, ನಾನು ಕೇಳಲಿಲ್ಲ. ಗೊತ್ತಿಲ್ಲದ್ದಕ್ಕೆ ಎಷ್ಟು ಹೊತ್ತು ವಾದ ಮಾಡುವುದು? ನಿಮ್ಮಿಷ್ಟ ಸಾರ್ ಎಂದೆ.

ಬಂಟ್ವಾಳದಿಂದ ಖಾಲಿ ಸಿಮೆಂಟ್ ಚೀಲ ತಂದಿದ್ದರು. ಎರಡು ದಿನ ಹೊಯ್ಗೆ ತುಂಬಿಸಿ, ಹೊಲಿದು, ಸಾಲಾಗಿ ಇಟ್ಟರು. ಮಕ್ಕಳು ಕೆಲಸ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ, ಕೈಯಲ್ಲಿ ಬೊಕ್ಕೆ ಬರುವಷ್ಟು ಮಾಡಿದರು. ಕಟ್ಟ ನೋಡಲಿಕ್ಕೆ ಗೋಡೆಯ ಹಾಗೆ ನೆಟ್ಟಗಿತ್ತು. ಆದಿತ್ಯವಾರ ಸಂಜೆ ಪ್ರಿನ್ಸಿಪಾಲರು ಬಂದು ಫೋಟೊ ತೆಗೆಸಿಕೊಂಡರು. ನನಗೆ ಶಾಲು ಹೊದಿಸಿದರು. ಕೆಸರು ಆಗುತ್ತದೆ ಎಂದರೆ ಕೇಳಲಿಲ್ಲ.

ಒಂಬತ್ತನೆಯ ದಿನ ನಾಲ್ಕು ಗಂಟೆಗೆ ಘಾಟಿಯಲ್ಲಿ ಮಳೆ ಹೊಡೆಯಿತು. ನಮ್ಮಲ್ಲಿ ನಾಲ್ಕು ಹನಿ ಅಷ್ಟೇ. ಅರ್ಧ ಗಂಟೆಯಲ್ಲಿ ತೋಡಿನಲ್ಲಿ ಕೆಂಪು ನೀರು ಇಳಿಯಿತು. ನಾನು ದಡದಲ್ಲಿ ನಿಂತು ನೋಡಿದೆ. ನೀರು ಮೇಲಿನಿಂದ ಹಾರುವ ಮೊದಲೇ ಅಡಿಯಿಂದ ಬುಗ್ಗೆ ಎದ್ದಿತ್ತು. ಆಮೇಲೆ ಚೀಲಗಳು ಒಂದರ ಹಿಂದೆ ಒಂದು ಹೋದವು. ಐದು ಗಂಟೆಗೆ ಎರಡು ಬಂಡೆ ಮಾತ್ರ ಉಳಿದಿತ್ತು.

ಮರುದಿನ ಸೊಪ್ಪು ಹೊತ್ತು ಬರುವಾಗ ಮೇಲಿನ ಮನೆಯವರು ಜಗಲಿಯಿಂದಲೇ ಕೇಳಿದರು. "ಎಂತ ಅಕ್ಕ, ಮೂಡುಬಿದಿರೆಯವರ ಕಟ್ಟ ಪಾಣೆಮಂಗಳೂರಿಗೆ ಮುಟ್ಟಿತಂತಾ? ತವರಿಗೆ ಒಳ್ಳೆ ಉಡುಗೊರೆ ಕಳಿಸಿದ್ರಿ."

ತೋಡು ಕೊನೆಗೆ ಹೋಗಿ ಸೇರುವುದು ನೇತ್ರಾವತಿಯನ್ನೇ, ನನ್ನ ತವರು ಪಾಣೆಮಂಗಳೂರು ಇರುವುದೂ ಅದರ ದಡದಲ್ಲೇ. ಹಾಗಾಗಿ ಅವರ ಮಾತು ಸುಳ್ಳಲ್ಲ. ನಾನು ಮನೆಗೆ ಬಂದು ಹೊರೆ ಇಳಿಸಿ ಟೀಚರಿಗೆ ಫೋನು ಮಾಡಿಸಿದೆ.

"ಕಟ್ಟ ಹೋಯಿತು ಟೀಚರ್."

ಅವರು ಬಹಳ ಬೇಜಾರು ಮಾಡಿಕೊಂಡರು. ಕೊನೆಗೆ ಹೇಳಿದರು, "ಎಂತ ಮಾಡುವುದು ಅಜ್ಜಿ, ರಿಪೋರ್ಟ್ ಆಗಿದೆ. ಮಾರ್ಕ್ ಕೂಡ ಹಾಕಿ ಆಯ್ತು."

"ಕಟ್ಟ ಇಲ್ಲ, ಮಾರ್ಕ್ ಉಂಟಾ?"

ಅದನ್ನು ಪ್ರಿನ್ಸಿಪಾಲರ ಹತ್ತಿರವೇ ಕೇಳಬೇಕು ಎಂದರು. ಉತ್ತರ ಇರುವವರ ಹತ್ತಿರ ಹೋಗುವ ಎಂದು ನಾನು ನಿಶ್ಚಯ ಮಾಡಿದೆ. ತೋಡಿನ ಕೆಳಗೆ ಬೇರಿಗೆ ಸಿಕ್ಕಿದ್ದ ಒಂದು ಚೀಲ ಬಿಡಿಸಿ, ತೊಳೆದು, ಒಣಗಿಸಿ, ಮಡಿಸಿ ಸಂಚಿಯಲ್ಲಿ ಹಾಕಿದೆ. ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಮೂಡುಬಿದಿರೆಗೆ ಇನ್ನೊಂದು. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ತಡೆದ.

"ಯಾರ ಅಜ್ಜಿ ನೀವು?"

"ಮೂವತ್ತನಾಲ್ಕು ಜನರ ಅಜ್ಜಿ. ಬಿಡು ಮಾರಾಯ."

ಪ್ರಿನ್ಸಿಪಾಲರ ಕೋಣೆಯಲ್ಲಿ ಟೀಚರ್, ಸಾರ್, ಮತ್ತೆ ಬೇರೆ ಬೇರೆ ವಿಷಯದ ಮಾಸ್ಟರುಗಳು ಐದಾರು ಮಂದಿ ಸೇರಿದರು. ನಾನು ಚೀಲವನ್ನು ಮೇಜಿನ ಮೇಲೆ ಇಟ್ಟೆ.

"ಇದೆಂತ ಅಜ್ಜಿ?" ಎಂದು ಪ್ರಿನ್ಸಿಪಾಲರು ಕೇಳಿದರು.

"ನಿಮ್ಮ ಕಟ್ಟ. ಉಳಿದದ್ದು ಇಷ್ಟು."

"ಪ್ರಕೃತಿ ವಿಕೋಪ ಅಲ್ವಾ, ನಾವೆಂತ ಮಾಡ್ಲಿಕ್ಕಾಗ್ತದೆ," ಎಂದರು ಫಿಸಿಕ್ಸ್ ಸಾರ್. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ವಿಕೋಪ ಅಲ್ಲ ಸಾರ್. ಪ್ರತಿ ವರ್ಷದ ಮಳೆ."

ಚರಿತ್ರೆಯ ಮಾಸ್ಟರು ಒಬ್ಬರು ಕುರ್ಚಿಯಲ್ಲಿ ಮುಂದೆ ಬಂದರು. "ಪ್ರತಿ ವರ್ಷದ್ದಾದ್ರೆ ನೀವು ಮೊದಲೇ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು. ಹೇಳ್ಲಿಲ್ಲ. ಹೇಳಿದ್ರೆ ನೀವು ಬರ್ಲಿಕ್ಕಿಲ್ಲ ಅಂತ ಹೆದರಿದೆ. ಅರ್ಧ ತಪ್ಪು ನನ್ನದು. ಇನ್ನರ್ಧಕ್ಕೆ ನೀವು ಮಾರ್ಕ್ ಕೊಟ್ಟಿದ್ದೀರಿ."

ಯಾರೂ ನಗಲಿಲ್ಲ. ನಾನು ನಗಿಸಲಿಕ್ಕೆ ಹೋದದ್ದೂ ಅಲ್ಲ. ಬಾಗಿಲ ಹತ್ತಿರ ಕೆಲವು ಮಕ್ಕಳು ಬಂದು ನಿಂತಿದ್ದರು. ಬೆಳ್ತಂಗಡಿಯ ಹುಡುಗಿ ಅಲ್ಲಿಂದಲೇ ಕೇಳಿದಳು, "ಹಳೇ ಜಾಗದಲ್ಲಿ ಎಂತ ಉಂಟು ಅಂತ ನಾವು ಅಗೆದು ನೋಡ್ಲೇ ಇಲ್ಲ, ಅಲ್ವಾ ಸಾರ್?"

"ನೋಡ್ಲಿಲ್ಲ," ಎಂದರು ಸಾರ್.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೆ ಅವರಿಗೆ ಅವರ ಕಾಗದಗಳುಂಟು. ಹಾಕಿದ ಮಾರ್ಕ್ ಬದಲು ಮಾಡಲಿಕ್ಕೆ ಆಗುವುದಿಲ್ಲ, ಇನ್ನೊಮ್ಮೆ ಬಸ್ಸು ಇಲ್ಲ, ಹಾಜರಿ ಇಲ್ಲ, ಪರೀಕ್ಷೆ ಮುಗಿದ ಮೇಲೆ ಮನಸ್ಸಿದ್ದವರು ತಮ್ಮ ಖರ್ಚಿನಲ್ಲಿ ಹೋಗಬಹುದು ಎಂದರು. ಬಸ್‌ಸ್ಟ್ಯಾಂಡಿನವರೆಗೆ ಟೀಚರ್ ನನ್ನ ಜೊತೆ ಬಂದರು.

"ಅಜ್ಜಿ, ಈ ಸರ್ತಿ ಕಟ್ಟ ನಿಲ್ಲದಿದ್ರೆ ಈ ಪಾಠ ಮುಂದಿನ ವರ್ಷ ಇಲ್ಲ. ನೋಡಿದ್ರಾ, ಹೊರಗೆ ಕರ್ಕೊಂಡು ಹೋಗಿ ಎಂತ ಕಲಿಸಿದ್ರಿ ಅಂತ ಕೇಳ್ತಾರೆ. ಮತ್ತೆ ಕ್ಲಾಸಿನಲ್ಲಿ ಪರದೆ ಹಾಕಿ ಚಿತ್ರ ತೋರಿಸುವುದೇ."

"ಚಿತ್ರದಿಂದ ನನ್ನ ಬಾವಿಗೆ ನೀರು ಬರ್ತದಾ?"

"ಇಲ್ಲ."

"ಹಾಗಾದ್ರೆ ನಿಲ್ಲಿಸುವ."

ದೀಪಾವಳಿ ಕಳೆಯಿತು. ಗುಡುಗು ನಿಂತಿತು. ನಾನು ದಿನಾ ಬೆಳಿಗ್ಗೆ ತೋಡಿಗೆ ಇಳಿದು ನೀರು ನನ್ನ ಕಾಲಿಗೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುತ್ತಿದ್ದೆ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಇಳಿದ ದಿನ ಟೀಚರಿಗೆ ಫೋನು ಮಾಡಿದೆ. ಆ ಶನಿವಾರ ಬಂದದ್ದು ಒಂಬತ್ತು ಮಕ್ಕಳು. ಟೀಚರ್, ಸಾರ್. ಒಂಬತ್ತೇ ಎಂದು ಟೀಚರಿಗೆ ನಾಚಿಕೆ. ನಾನು, ಒಂಬತ್ತಾದರೆ ಒಂಬತ್ತು, ಹಾರೆ ಹಿಡಿಯಿರಿ ಎಂದೆ.

ಮೊದಲು ಇಕ್ಕಟ್ಟಿನ ಜಾಗದಲ್ಲಿ ಸಬ್ಬಲು ಹಾಕಿ ನೋಡಿದರು. ಅಡಿಯಲ್ಲಿ ಬರೇ ಜಲ್ಲಿ, ಒಂದು ತೋಳಿನಷ್ಟು ಆಳಕ್ಕೂ ಜಲ್ಲಿ. ಜರಡಿಯ ಮೇಲೆ ಗೋಡೆ ಕಟ್ಟಿದ ಹಾಗೆ ಆಗಿತ್ತು. ಆಮೇಲೆ ಹಳೆಯ ಜಾಗದಲ್ಲಿ ಹೊಯ್ಗೆ ಬಗೆದರು. ಒಂದು ಗೇಣು ಹೊಯ್ಗೆ ಹೋದ ಕೂಡಲೇ ಹಾರೆಗೆ ಗಟ್ಟಿ ಜೇಡಿಮಣ್ಣು ತಾಗಿತು. ಅದರಲ್ಲಿ ಕಪ್ಪಗೆ ಏನೋ ಮೂಡಿಕೊಂಡಿತ್ತು. ಒಂದಲ್ಲ, ಸಾಲು. ಹಳೆಯ ಗೂಟಗಳ ಬುಡ. ಮೇಲಿನದ್ದೆಲ್ಲ ಹೋಗಿ, ಮಣ್ಣಿನಡಿ ಇದ್ದದ್ದು ಕಲ್ಲಿನ ಹಾಗೆ ಉಳಿದಿತ್ತು. ಮಕ್ಕಳು ಒಂದೊಂದೇ ಗೂಟದ ಪಕ್ಕ ನಿಂತರು. ಒಂಬತ್ತು ಮಂದಿ ನಿಂತಾಗ ಗೊತ್ತಾಯಿತು, ಸಾಲು ನೆಟ್ಟಗಿಲ್ಲ. ನೀರು ಬರುವ ಕಡೆಗೆ ಹೊಟ್ಟೆ ಮಾಡಿ ಬಿಲ್ಲಿನ ಹಾಗೆ ಬಾಗಿದೆ.

ಸಾರ್ ನೀರಿನಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಪ್ಯಾಂಟು ಒದ್ದೆಯಾದದ್ದು ಅವರಿಗೆ ತಿಳಿಯಲಿಲ್ಲ.

"ಅಜ್ಜಿ, ಅಗಲದಲ್ಲಿ ನೀರಿಗೆ ಓಟ ಕಡಿಮೆ. ಬಾಗಿದ ಕಟ್ಟಕ್ಕೆ ನೀರು ಒತ್ತಿದಷ್ಟು ಅದು ಎರಡು ದಡಕ್ಕೆ ಬಿಗಿ ಆಗ್ತದೆ. ನಾನು ಇದನ್ನು ಬೋರ್ಡಿನ ಮೇಲೆ ಹತ್ತು ವರ್ಷದಿಂದ ಬರೀತಿದ್ದೇನೆ."

"ನಾನು ಮೂವತ್ತು ವರ್ಷ ಅದರ ಮೇಲೆ ನಿಂತಿದ್ದೇನೆ ಸಾರ್. ನನಗೂ ಈಗಲೇ ಗೊತ್ತಾದದ್ದು."

ಆ ದಿನ ಗೂಟ ಕಡಿದು, ಸೊಪ್ಪು ರಾಶಿ ಹಾಕಿದೆವು. ಆದರೆ ಕಟ್ಟ ಕಟ್ಟುವುದಕ್ಕೆ ಹದಿನೈದು ಜನವಾದರೂ ಬೇಕು. ಗೂಟದ ಎರಡು ಸಾಲಿನ ನಡುವೆ ಮಣ್ಣು ಮೆಟ್ಟಿ ಬಂದು, ಕೊನೆಗೆ ನಡುವೆ ಒಂದು ಬಾಯಿ ಬಿಡುತ್ತೇವೆ. ನೀರೆಲ್ಲ ಅದರಲ್ಲಿ ನುಗ್ಗುತ್ತಿರುತ್ತದೆ. ಆ ಬಾಯಿಯನ್ನು ಒಂದೇ ಉಸಿರಿನಲ್ಲಿ ಮುಚ್ಚಬೇಕು. ಬುಟ್ಟಿ ಕೈಯಿಂದ ಕೈಗೆ ನಿಲ್ಲದೆ ಬರಬೇಕು. ಕೈ ಕಡಿಮೆಯಾದರೆ ಹಾಕಿದ ಮಣ್ಣು ನೀರಿಗೆ ಬೆಲ್ಲವಾಗುತ್ತದೆ.

"ಏಳು ಮನೆಗೂ ನಾನು ಹೋಗ್ತೇನೆ," ಎಂದಳು ಬೆಳ್ತಂಗಡಿಯ ಹುಡುಗಿ.

"ನಾನು ಹನ್ನೊಂದು ವರ್ಷ ಹೋಗಿದ್ದೇನೆ ಮಗಾ."

"ನೀವು ಬಾಯಲ್ಲಿ ಕೇಳಿದ್ರಿ. ನನ್ನ ಹತ್ರ ಪುಸ್ತಕ ಉಂಟು."

ಸಂಜೆ ಐದು ಗಂಟೆಗೆ ನಾನೂ ಅವಳೂ ಮೊದಲು ಮೇಲಿನ ಮನೆಗೆ ಹೋದೆವು. ಯಜಮಾನರು ಜಗಲಿಯಲ್ಲಿ ಕೂತಿದ್ದರು.

"ನಮ್ಮಲ್ಲಿ ಎರಡು ಬೋರ್ ಉಂಟು. ನಮಗೆ ಕಟ್ಟ ಎಂತಕ್ಕೆ?"

ಹುಡುಗಿ ಪುಸ್ತಕ ತೆರೆದಳು. "ಮೊದಲನೇ ಬೋರ್ ಬತ್ತಿ ಮೂರು ವರ್ಷ. ಎರಡನೆಯದು ಕಳೆದ ಎಪ್ರಿಲಿನಲ್ಲಿ ಕೆಸರು ಕಕ್ಕಿದೆ. ಎರಡು ವಾರ ಟ್ಯಾಂಕರ್ ತರಿಸಿದ್ದೀರಿ."

"ಯಾರು ಹೇಳಿದ್ದು ನಿನಗೆ?"

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. "ನಾನೇ ಹೇಳಿದ್ದು," ಎಂದು ಅವರ ಹೆಂಡತಿಯ ಸ್ವರ ಬಂತು. "ಬತ್ತಿದ್ದನ್ನು ಬತ್ತಿದೆ ಅಂತ ಹೇಳ್ಬಾರದಾ?"

ಆ ಎರಡು ವಾರ ಮೋಟಾರು ರಿಪೇರಿ ಎಂದು ಹೇಳಿ ನಮಗೆ ಪೈಪು ಬಂದ್ ಮಾಡಿದ್ದರು. ನಾನು ನಂಬಿ ಇನ್ನೂ ದೂರದ ಮನೆಯಿಂದ ನೀರು ಹೊತ್ತಿದ್ದೆ. ಈಗ ಅದನ್ನು ಎತ್ತಿ ಆಡಬಹುದಿತ್ತು. ಆಡಲಿಲ್ಲ. ನನಗೆ ಬೇಕಾದದ್ದು ಆಳು.

ಹುಡುಗಿ ಪುಟ ತಿರುಗಿಸಿ, ಬೈಲಿನ ಬೋರುಗಳು ವರ್ಷ ವರ್ಷ ಎಷ್ಟೆಷ್ಟು ಆಳಕ್ಕೆ ಹೋದವು ಎಂದು ಓದಿ ಹೇಳಿದಳು. ಪ್ರತಿಯೊಂದು ಮನೆಯೂ ತನ್ನದು ಮಾತ್ರ ಬತ್ತಿದೆ ಎಂದು ಮುಚ್ಚಿಟ್ಟಿತ್ತು. ಒಟ್ಟಿಗೆ ಓದುವಾಗ ಬೈಲಿಡೀ ಕೆಳಗೆ ಇಳಿಯುತ್ತಿತ್ತು. ಯಜಮಾನರು ಕೇಳಿ ಮುಗಿಸಿ, "ಎಷ್ಟು ಗಂಟೆಗೆ ಶುರು?" ಎಂದರು. ಕಾಮರ್ಸಿನವರು ಕಟ್ಟದಲ್ಲಿ ಎಂತ ಕಲಿಯುತ್ತಾರೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಾಯಿತು.

ಆದಿತ್ಯವಾರ ಐದು ಮನೆಯಿಂದ ಐದು ಆಳು ಬಂದರು. ಮೇಲಿನ ಮನೆಯವರು ತಾವೇ ಲುಂಗಿ ಎತ್ತಿ ಕಟ್ಟಿ ಬಂದರು. ಗೂಟ ಹೊಡೆಯುವುದು ಅವರಿಗೆ ಮರೆತಿರಲಿಲ್ಲ. ಮಗಳು ಬೀಡಿ ಬಿಟ್ಟು ಗಂಜಿ ಬೇಯಿಸಲಿಕ್ಕೆ ಕೂತಳು. ಮಣ್ಣು ಮೆಟ್ಟಲಿಕ್ಕೆ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಅವರು ಕುಣಿದ ಹಾಗೆ ಮೆಟ್ಟುತ್ತಿದ್ದರು.

"ಹಾಗಲ್ಲ. ಹಿಮ್ಮಡಿ ಊರಿ. ಮಣ್ಣು ಕಾಲು ಬಿಡದ ಹಾಗೆ ಆಗ್ಬೇಕು."

"ಈಗಲೇ ಬಿಡ್ತಾ ಇಲ್ಲ ಅಜ್ಜಿ."

"ಇನ್ನೂ ಮೆಟ್ಟು. ಅದು ನಿನ್ನ ಚಪ್ಪಲಿ ಕೇಳ್ತದೆ, ಆಗ ನಿಲ್ಸು."

ನಾಲ್ಕು ಗಂಟೆಗೆ ಬಾಯಿ ಮುಚ್ಚಲಿಕ್ಕೆ ನಿಂತೆವು. ಮೊದಲು ಸೊಪ್ಪಿನ ಕಟ್ಟು, ಅದರ ಮೇಲೆ ಮಣ್ಣು, ಮತ್ತೆ ಸೊಪ್ಪು. ನಡುವಿನಲ್ಲಿ ಒಮ್ಮೆ ಸಾರ್ ಜಾರಿ ನೀರಿನಲ್ಲಿ ಕೂತು ಕುತ್ತಿಗೆಯವರೆಗೆ ಮುಳುಗಿದರು. ಸಾಲು ನಿಲ್ಲಿಸಬೇಡಿ, ಸಾರ್ ತೇಲ್ತಾರೆ ಎಂದು ನಾನು ಕೂಗಿದೆ. ಯಾರೂ ನಿಲ್ಲಿಸಲಿಲ್ಲ. ಬಾಯಿ ಮುಚ್ಚಿತು. ಕೆಳಗಿನ ತೋಡು ನೋಡುತ್ತಿದ್ದ ಹಾಗೆ ಸಣ್ಣದಾಯಿತು. ಮೇಲೆ ನೀರು ಸದ್ದಿಲ್ಲದೆ ಏರತೊಡಗಿತು.

ಕೈಕಾಲು ತೊಳೆದು ಗಂಜಿಗೆ ಕೂತಾಗ ಟೀಚರ್ ಒಂದು ಕಾಗದ ತೆಗೆದರು. "ಅಜ್ಜಿ, ಈ ಒಂಬತ್ತು ಜನರಿಗೆ ಮಾರ್ಕ್ ನೀವು ಹಾಕಿ. ಕಾಲೇಜಿನ ಲೆಕ್ಕಕ್ಕೆ ಅಲ್ಲ, ನಮಗೆ ಬೇಕು."

"ಈಗ ಎಂತ ಮಾರ್ಕ್? ನಿಲ್ಲಲಿ."

"ಎಷ್ಟು ದಿನ?"

"ಮೇ ತಿಂಗಳವರೆಗೆ. ಕಟ್ಟುವುದು ಒಂದು ದಿನದ ಕೆಲಸ ಟೀಚರ್. ನೋಡಿಕೊಳ್ಳುವುದು ಆರು ತಿಂಗಳ ಕೆಲಸ. ಏಡಿ ಕೊರೀತದೆ, ಮಣ್ಣು ಕೂತುಕೊಳ್ತದೆ. ವಾರಕ್ಕೆ ಇಬ್ಬರಾದ್ರೂ ಬರ್ಬೇಕು. ಅದು ಪಾಠ. ಇವತ್ತಿನದ್ದು ಬರೇ ಮೈಕೈ ನೋವು."

"ಪ್ರಿನ್ಸಿಪಾಲರ ಹತ್ರ ಕೇಳ್ಬೇಕಾಗ್ತದೆ."

"ಕೇಳಿ."

ಅವರು ಕಾಗದ ಮಡಿಸಿ ಚೀಲಕ್ಕೆ ಹಾಕಿದರು. ಆರು ಗಂಟೆಯ ಬಸ್ಸಿಗೆ ಎಲ್ಲರೂ ಹೋದರು.

ಆ ವರ್ಷ ನನ್ನ ಬಾವಿ ಶಿವರಾತ್ರಿಗೆ ಬತ್ತಲಿಲ್ಲ. ಮೇ ತಿಂಗಳಲ್ಲಿಯೂ ಎರಡು ಮೆಟ್ಟಿಲು ನೀರಿತ್ತು. ಅದು ಆಮೇಲಿನ ಮಾತು. ಆ ಸಂಜೆ ನನಗೆ ಅದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಹೊಸ ಕಟ್ಟವನ್ನು ಮೊದಲ ದಿನ ನಂಬಬಾರದು.

ಮರುದಿನ ಬೆಳಕು ಹರಿಯುವಾಗ ತೋಡಿಗೆ ಹೋದೆ. ಕಟ್ಟದ ಬಲ ಬದಿಯಲ್ಲಿ, ಬುಡದಲ್ಲಿ, ಹೆಬ್ಬೆರಳಿನಷ್ಟು ದಪ್ಪಕ್ಕೆ ನೀರು ಚಿಮ್ಮುತ್ತಿತ್ತು. ಮನೆಗೆ ಬಂದು ಮಗಳ ಹತ್ತಿರ ಟೀಚರಿಗೆ ಫೋನು ಹಚ್ಚಿಸಿದೆ.

"ಪ್ರಿನ್ಸಿಪಾಲರ ಹತ್ರ ಕೇಳಿ ಆಯ್ತಾ?"

"ಅಜ್ಜಿ, ಗಂಟೆ ಆರೂಕಾಲು. ಅವರು ಎದ್ದಿರ್ಲಿಕ್ಕಿಲ್ಲ."

"ಏಡಿ ಎದ್ದಿದೆ. ತೂತು ಮಾಡಿದೆ. ಇಬ್ಬರನ್ನು ಕಳಿಸಿ, ಕೇಳುವುದು ಮತ್ತೆ ಕೇಳಿ."

ಫೋನು ಮಗಳ ಕೈಗೆ ಕೊಟ್ಟು, ಒಂದು ಬುಟ್ಟಿ ಜೇಡಿಮಣ್ಣು, ಒಂದು ಹಿಡಿ ಸೊಪ್ಪು ಹಿಡಿದುಕೊಂಡು ವಾಪಸು ಹೋದೆ. ಸೀರೆ ಎತ್ತಿ ಸಿಕ್ಕಿಸಿ ನೀರಿಗೆ ಇಳಿದು, ತೂತಿಗೆ ಸೊಪ್ಪು ತುರುಕಿ, ಮೇಲೆ ಮಣ್ಣು ಹಾಕಿ, ಹಿಮ್ಮಡಿ ಊರಿ ನಿಂತೆ. ಮೊದಲ ಬಸ್ಸು ನಮ್ಮಲ್ಲಿಗೆ ಮುಟ್ಟುವುದು ಒಂಬತ್ತು ಗಂಟೆಗೆ.